ಹಳೆಯ ಫ್ರಿಜ್ಜಿನಲ್ಲಿ ಒಂದೆಲಗ: ನಾಲ್ಕು ಬೇಸಿಗೆ ಕಳೆದ ಮೇಲೆ

ನನ್ನ ತವರು ಸಾಗರದ ಕಡೆ. ಅಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆಯಲ್ಲೆಲ್ಲ ಒಂದೆಲಗ ತಾನಾಗಿ ಹಬ್ಬುತ್ತದೆ. ಬಾವಿಯ ಜಂಬಿಟ್ಟಿಗೆ ಗೋಡೆಗೆ ಅಡಿಯಾಂಟಂ ಜರೀಗಿಡ ಅಂಟಿಕೊಂಡು ಬೆಳೆಯುತ್ತದೆ, ಯಾರೂ ನೀರು ಹಾಕುವುದಿಲ್ಲ. ಮದುವೆಯಾಗಿ ಕಲಬುರಗಿಗೆ ಬಂದು ಇಪ್ಪತ್ತು ವರ್ಷ ಈ ಎರಡನ್ನೂ ಕುಂಡದಲ್ಲಿ ಉಳಿಸಿಕೊಳ್ಳಲು ಪ್ರಯತ್ನಿಸಿ ಸೋತಿದ್ದೆ. ಮಾರ್ಚ್ ಬಂತೆಂದರೆ ಎಲೆಯ ಅಂಚು ಕಂದುತ್ತಿತ್ತು, ಏಪ್ರಿಲ್‌ನಲ್ಲಿ ಬುಡವೇ ಒಣಗುತ್ತಿತ್ತು. ನೀರಿನ ಕೊರತೆಯಿಂದಲ್ಲ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕೆಟ್ಟುನಿಂತ ಫ್ರಿಜ್ಜನ್ನು ಗಿಡದ ಪೆಟ್ಟಿಗೆ ಮಾಡಿಕೊಂಡದ್ದು ಇದೇ ಕಾರಣಕ್ಕೆ. 2021ರ ದೀಪಾವಳಿ ಮುಗಿದ ಮೇಲೆ ಶುರು ಮಾಡಿದ್ದು, ಈಗ ನಾಲ್ಕು ಬೇಸಿಗೆ ಕಂಡಿದೆ. ಮಾಡಿದ ಹೊಸದರಲ್ಲಿ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಒಂದು ವರ್ಷದ ನಂತರ ಬರೆದಿದ್ದರೆ ಯಾರೂ ಮಾಡಬೇಡಿ ಎನ್ನುತ್ತಿದ್ದೆ. ಈಗ ಎರಡನ್ನೂ ಸೇರಿಸಿ ಹೇಳಬಲ್ಲೆ.

ಫ್ರಿಜ್ಜು 165 ಲೀಟರಿನದು, ಒಂಟಿ ಬಾಗಿಲು, 1996ರಲ್ಲಿ ಕೊಂಡದ್ದು. ಕಂಪ್ರೆಸರ್ ಸುಟ್ಟುಹೋದಾಗ ಅದನ್ನು ಬದಲಿಸುವ ಖರ್ಚು ಕೇಳಿ, ಅದರ ಜತೆ ಇನ್ನಷ್ಟು ಹಾಕಿದರೆ ಹೊಸದೇ ಬರುತ್ತದೆ ಎಂದು ಮನೆಯವರು ಹೊಸದನ್ನೇ ತಂದರು. ಹಳೆಯದನ್ನು ಗುಜರಿಯವನು ಕೇಳಿದ್ದು ಐನೂರು ರೂಪಾಯಿಗೆ. ಒಳಗೆಲ್ಲ ಬೆಳ್ಳಗೆ ಹೊಸದರಂತೆ ಇತ್ತು, ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚುತ್ತಿತ್ತು. ಕೊಡಲು ಮನಸ್ಸಾಗಲಿಲ್ಲ.

ಇದನ್ನು ಮಾಡಬೇಕೆಂದಿರುವವರು ದಯವಿಟ್ಟು ಮೊದಲು ಫ್ರಿಜ್ಜನ್ನು ತಂಪಾಗಿಡುವ ಗ್ಯಾಸಿನ ವಿಷಯವನ್ನು ಓದಿ. ನಮ್ಮ ಫ್ರಿಜ್ಜಿನ ಹಿಂಬದಿಯ ತಗಡಿನ ಮೇಲೆ ಆರ್-12 ಎಂದು ಬರೆದಿತ್ತು. ಓಝೋನ್ ಪದರವನ್ನು ತಿನ್ನುವ ಅನಿಲಗಳಲ್ಲಿ ಅದೂ ಒಂದು. 1987ರ ಮಾಂಟ್ರಿಯಲ್ ಒಪ್ಪಂದ ಹುಟ್ಟಿದ್ದೇ ಅಂಥವುಗಳನ್ನು ನಿಲ್ಲಿಸಲು. ಭೂಮಿಯನ್ನು ಬಿಸಿ ಮಾಡುವುದರಲ್ಲಿಯೂ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಹತ್ತು ಸಾವಿರ ಪಟ್ಟು ಜೋರು. ಅಂದರೆ ನೂರು ಗ್ರಾಂ ಹೊರಗೆ ಬಿಟ್ಟರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಮೊದಲು ಬಂದ ಮೆಕ್ಯಾನಿಕ್, "ಅದಕ್ಕೇನು ಟೀಚರ್, ಪೈಪು ಕತ್ತರಿಸಿದರೆ ಎರಡು ನಿಮಿಷದಲ್ಲಿ ತಾನೇ ಹೋಗುತ್ತದೆ" ಎಂದು ಕಟರ್ ತೆಗೆದ. ಶಾಲೆಯಲ್ಲಿ ಮಕ್ಕಳಿಗೆ ಓಝೋನ್ ಪಾಠ ಮಾಡುವ ನಾನು ಅದನ್ನು ನೋಡಿಕೊಂಡು ನಿಲ್ಲುವುದು ಸಾಧ್ಯವಿರಲಿಲ್ಲ. ಅವನನ್ನು ಕಳುಹಿಸಿ, ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರವಿದ್ದ ಬೇರೆ ವರ್ಕ್‌ಶಾಪ್ ಹುಡುಕಲು ಹನ್ನೆರಡು ದಿನ ಹಿಡಿಯಿತು. ಆರುನೂರು ರೂಪಾಯಿ ತೆಗೆದುಕೊಂಡರು. ಈ ಕೆಲಸಕ್ಕೆ ನಾನು ಕೊಟ್ಟ ಹಣದಲ್ಲೆಲ್ಲ ಅತ್ಯಂತ ಸಮಾಧಾನದಿಂದ ಕೊಟ್ಟದ್ದು ಅದು. ಈಚಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅದು ಬೆಂಕಿ ಹೊತ್ತಿಕೊಳ್ಳುವ ಅನಿಲ. ಅಂಥದ್ದಕ್ಕೆ ಗ್ಯಾಸು ತೆಗೆಸದೆ ಡ್ರಿಲ್ ಹಿಡಿದು ಹತ್ತಿರ ಹೋಗಬೇಡಿ. ಎಷ್ಟೋ ಮಾದರಿಗಳಲ್ಲಿ ಕೊಳವೆಗಳು ಪಕ್ಕದ ಗೋಡೆಯೊಳಗೇ ಅಡಗಿರುತ್ತವೆ, ಹೊರಗಿನಿಂದ ಗೊತ್ತಾಗುವುದಿಲ್ಲ.

ಗ್ಯಾಸು ತೆಗೆದ ಮೇಲೆ ಮೇಲಿನ ಐಸ್ ಡಬ್ಬಿ, ಕಂಪ್ರೆಸರ್, ಹಿಂದಿನ ಕಪ್ಪು ಜಾಲರಿ ಮೂರನ್ನೂ ಬಿಚ್ಚಿದರು. ಹೊಸದಾಗಿ ಒಂದು ತೂತನ್ನೂ ಕೊರೆಯಬೇಕಾಗಲಿಲ್ಲ. ಐಸ್ ಡಬ್ಬಿಯ ಕೊಳವೆ ಬರುತ್ತಿದ್ದ ಕಿಂಡಿ ಮೇಲೆ ಇತ್ತು, ಐಸ್ ಕರಗಿದ ನೀರು ಇಳಿದು ಹೋಗುವ ಕಿಂಡಿ ಕೆಳಗೆ ಹಿಂಬದಿಯಲ್ಲಿ ಇತ್ತು. ಕೆಳಗಿನಿಂದ ಗಾಳಿ ಒಳಕ್ಕೆ, ಮೇಲಿನಿಂದ ಹೊರಕ್ಕೆ. ಮೇಲಿನ ಕಿಂಡಿಗೆ ಅಂಗೈಯಷ್ಟೂ ಇಲ್ಲದ 40 ಮಿಲಿಮೀಟರಿನ ಫ್ಯಾನು, ಒಳಗೆ ಗಾಳಿ ತಿರುಗಿಸಲು ಕಂಪ್ಯೂಟರಿನ ಒಂದು ಫ್ಯಾನು. ಎರಡೂ ಕಿಂಡಿಗಳಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದ್ದೇವೆ. ತರಕಾರಿ ಡಬ್ಬಿಯಲ್ಲಿ ಸದಾ ತಿಳಿನೀರು ನಿಂತಿರುತ್ತದೆ, ಡೆಂಗಿ ಸೊಳ್ಳೆಗೆ ಅಂಥ ನೀರೇ ಬೇಕು.

ಕಂಪ್ರೆಸರ್ ತೆಗೆದ ಮೇಲೆ ಯಾರೂ ಎಣಿಸದ ಒಂದು ಅಪಾಯ ಕಾದಿತ್ತು. ಫ್ರಿಜ್ಜಿನ ತೂಕವೆಲ್ಲ ಹಿಂಬದಿಯ ಬುಡದಲ್ಲಿದ್ದ ಆ ಕಬ್ಬಿಣದ ಉಂಡೆಯಲ್ಲೇ ಇತ್ತು. ಬಾಗಿಲಿನ ಗೂಡುಗಳಲ್ಲಿ ಒದ್ದೆ ಮಣ್ಣಿನ ಕುಂಡಗಳನ್ನಿಟ್ಟು ಬಾಗಿಲು ತೆರೆದೆ, ಇಡೀ ಪೆಟ್ಟಿಗೆ ಮುಂದಕ್ಕೆ ವಾಲಿ ನನ್ನ ಹೆಗಲ ಮೇಲೆ ಬಂತು. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದಿದ್ದರೆ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಅಂದೇ ಕಂಪ್ರೆಸರಿನ ಜಾಗಕ್ಕೆ ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದ್ ಫರಸಿಯ ನಾಲ್ಕು ತುಂಡುಗಳನ್ನು ಜೋಡಿಸಿ, ಹಿಂದಿನ ಗೋಡೆಗೆ ಪಟ್ಟಿ ಹಾಕಿ ಬಿಗಿಸಿದೆವು. ಬಾಗಿಲಿನ ಬೀಗವನ್ನೂ ಕಿತ್ತುಹಾಕಿದೆವು. ಮಕ್ಕಳು ಆಟವಾಡುತ್ತ ಒಳಗೆ ಸೇರಿಕೊಂಡರೆ ತಳ್ಳಿ ಹೊರಬರುವಂತಿರಬೇಕು.

ದೀಪಕ್ಕೆ ನಾನು ಎರಡು ಸಲ ದುಡ್ಡು ಹಾಕಬೇಕಾಯಿತು. ಮೊದಲು ಅಂಟಿಸುವ ಎಲ್‌ಇಡಿ ಪಟ್ಟಿ ತಂದೆ. ಒಳಗಿನ ತೇವಕ್ಕೆ ಎರಡೇ ತಿಂಗಳಲ್ಲಿ ಅಂಟು ಬಿಟ್ಟು ಜೋತುಬಿದ್ದವು, ತಾಮ್ರದ ಬೆಸುಗೆ ಹಸಿರುಗಟ್ಟಿತು. ಆಮೇಲೆ ಅಲ್ಯೂಮಿನಿಯಂ ಪಟ್ಟಿಯೊಳಗೆ ಸಿಲಿಕೋನ್ ತುಂಬಿದ ಒಂದಡಿಯ ದೀಪಗಳನ್ನು ತಂದೆವು, ಒಂದೊಂದು ಐದು ವಾಟ್, ಒಟ್ಟು ನಾಲ್ಕು, 6500 ಕೆಲ್ವಿನ್ನಿನ ಬಿಳಿ ಬೆಳಕು. ಗಿಡಕ್ಕೆಂದೇ ಮಾರುವ ನೇರಳೆ ದೀಪ ಬೇಕಿಲ್ಲ, ಬಿಳಿ ಬೆಳಕಿನಲ್ಲಿ ಎಲೆಗೆ ರೋಗ ಬಂದರೆ ಬಣ್ಣ ನೋಡಿ ಹೇಳಬಹುದು. ಒಳಗೆ ಇರುವುದೆಲ್ಲ 12 ವೋಲ್ಟಿನದ್ದೇ. ಅಡಾಪ್ಟರ್, ಟೈಮರ್ ಎರಡೂ ಹೊರಗಿನ ಗೋಡೆಯ ಮೇಲಿವೆ. ಒದ್ದೆ ಪೆಟ್ಟಿಗೆಯೊಳಗೆ ಮನೆಯ ಕರೆಂಟು ಎಳೆಯಬೇಡಿ. ಇನ್ನೊಂದು ಸಣ್ಣ ವಿಷಯ: ತಂತಿ ಕಿಂಡಿಯಿಂದ ಹೊರಬಂದ ಮೇಲೆ ಒಮ್ಮೆ ಕೆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಹತ್ತಬೇಕು. ತಂತಿಯ ಗುಂಟ ಜಾರಿ ಬರುವ ನೀರ ಹನಿ ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಅಡಾಪ್ಟರ್ ತಲುಪುವುದಿಲ್ಲ.

ಚಳಿಗಾಲವೆಲ್ಲ ಸುಖವಾಗಿ ಕಳೆಯಿತು. ಕೋಣೆಯಲ್ಲಿ ತೇವಾಂಶ ನೂರಕ್ಕೆ ಮೂವತ್ತೈದು ಇದ್ದಾಗ ಪೆಟ್ಟಿಗೆಯಲ್ಲಿ ಎಂಬತ್ತೈದು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಮಣ್ಣಿನ ಜತೆ ಸೀಸೆಯಲ್ಲಿ ಮುಚ್ಚಿಟ್ಟಾಗ, ಹೊರಗಿನ ಹೊಗೆಯಲ್ಲಿ ಬದುಕದ ಜರೀಗಿಡ ಆ ಸೀಸೆಯೊಳಗೆ ತಾನಾಗಿ ಚಿಗುರಿತ್ತು. ಅದನ್ನೇ ಅವನು ಗಾಜಿನ ಪೆಟ್ಟಿಗೆಯಾಗಿ ಬೆಳೆಸಿದ. ಮುಂದೆ ಚೀನಾದ ಚಹಾ ಸಸಿಗಳು ಹಡಗು ಹತ್ತಿ ಭಾರತಕ್ಕೆ ಬಂದದ್ದು ಅಂಥ ಪೆಟ್ಟಿಗೆಗಳಲ್ಲಿ. ಮೂರು ತಿಂಗಳು ನನಗೂ ವಾರ್ಡ್‌ನಷ್ಟೇ ಸಂಭ್ರಮ. ಬಾವಿಯ ಕಟ್ಟೆಯಿಂದ ತಂದ ಅಡಿಯಾಂಟಂ, ಕೂದಲಿನಷ್ಟು ತೆಳುವಾದ ಕಪ್ಪು ಕಡ್ಡಿಗಳ ತುದಿಯಲ್ಲಿ ಮಗುವಿನ ಮುಷ್ಟಿಯಂತೆ ಮುದುಡಿದ ಚಿಗುರನ್ನು ಬಿಡುತ್ತಿತ್ತು. ಬೆಳಿಗ್ಗೆ ಶಾಲೆಗೆ ಹೋಗುವಾಗ ಮುದುಡಿದ್ದು ಮರುದಿನ ಅರ್ಧ ಬಿಡಿಸಿಕೊಂಡಿರುತ್ತಿತ್ತು.

2022ರ ಮೇ ತಿಂಗಳಲ್ಲಿ ಅದೆಲ್ಲ ಮೂರು ದಿನದಲ್ಲಿ ಸತ್ತಿತು. ಕೋಣೆಯಲ್ಲಿ 37 ಡಿಗ್ರಿ, ಪೆಟ್ಟಿಗೆಯೊಳಗೆ 43. ತೇವಾಂಶ ಆಗಲೂ ಎಂಬತ್ತರ ಮೇಲೆಯೇ ಇತ್ತು, ಆದ್ದರಿಂದ ಎಲೆಗಳು ಒಣಗಲಿಲ್ಲ, ಬೆಂದ ಸೊಪ್ಪಿನಂತೆ ಮೆತ್ತಗಾದವು. ಕಾರಣ ತಿಳಿಯಲು ನನ್ನಂಥ ವಿಜ್ಞಾನದ ಶಿಕ್ಷಕಿಗೆ ಅಷ್ಟು ಹೊತ್ತು ಹಿಡಿಯಬಾರದಿತ್ತು. ಫ್ರಿಜ್ಜಿನ ಗೋಡೆಯಲ್ಲಿರುವ ಫೋಮ್ ಹೊರಗಿನ ಬಿಸಿಯನ್ನು ಒಳಗೆ ಬಿಡದಿರುವಂತೆಯೇ ಒಳಗಿನ ಬಿಸಿಯನ್ನು ಹೊರಗೂ ಬಿಡುವುದಿಲ್ಲ. ಎಲ್‌ಇಡಿ ತಂಪು ದೀಪ ಎನ್ನುತ್ತೇವೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತಿಂದ ಇಪ್ಪತ್ತು ವಾಟ್ ಕರೆಂಟು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಉಳಿಯುತ್ತದೆ. ಮಟಮಟ ಮಧ್ಯಾಹ್ನ ನಾನು ಗಿಡಗಳ ಜತೆ ಒಂದು ಒಲೆಯನ್ನೂ ಒಳಗಿಟ್ಟು ಬಾಗಿಲು ಹಾಕಿದ್ದೆ.

ಈಗ ಬೇಸಿಗೆಯಲ್ಲಿ ನಮ್ಮ ಗಿಡಗಳಿಗೆ ರಾತ್ರಿಯೇ ಹಗಲು. ಟೈಮರನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರಕ್ಕೆ ತಿರುಗಿಸಿ, ನಾಲ್ಕರಲ್ಲಿ ಎರಡೇ ದೀಪ ಉರಿಸುತ್ತೇನೆ. ಆ ಹೊತ್ತಿನಲ್ಲಿ ಬಾಗಿಲು ಎರಡು ಬೆರಳಿನಷ್ಟು ತೆರೆದಿರುತ್ತದೆ. ಬೆಳಿಗ್ಗೆ ಆರಕ್ಕೆ ದೀಪ ಆರಿದ ಮೇಲೆ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿ, ಹೊಸ ಫ್ರಿಜ್ಜಿನಲ್ಲಿ ಗಟ್ಟಿಯಾದ ಒಂದು ಲೀಟರ್ ನೀರಿನ ಬಾಟಲಿಯನ್ನು ಮೇಲಿನ ತಟ್ಟೆಯಲ್ಲಿ ಮಲಗಿಸುತ್ತೇನೆ. ಒಂದು ಕಿಲೋ ಐಸು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಇಪ್ಪತ್ತು ವಾಟಿನ ದೀಪ ನಾಲ್ಕೂವರೆ ಗಂಟೆ ಉರಿದಾಗ ಬರುವ ಬಿಸಿ ಹೆಚ್ಚುಕಡಿಮೆ ಅಷ್ಟೇ ಇದೆ. ಗೋಡೆಯ ಫೋಮ್ ಆಗ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ. ಕಳೆದ ಮೇ ತಿಂಗಳಲ್ಲಿ ಕೋಣೆ 38 ಮುಟ್ಟಿದ ದಿನಗಳಲ್ಲೂ ಪೆಟ್ಟಿಗೆ ಸಂಜೆಯವರೆಗೆ 33 ದಾಟಲಿಲ್ಲ. ಹೀಗೆ ಮಾಡಿದ ಎರಡನೆಯ ಬೇಸಿಗೆಯಲ್ಲಿ ಮತ್ತೆ ತಂದ ಅಡಿಯಾಂಟಂ ಸೊರಗಿದರೂ ಬುಡ ಉಳಿಸಿಕೊಂಡಿತು, ಜೂನ್ ಮಳೆಗೆ ಚಿಗುರಿತು. ಅದೇ ಬುಡ ಈಗಲೂ ಇದೆ.

ಇದರಿಂದಲೇ ನಮಗೆ ಎರಡು ಬಾಗಿಲು ಬೇಕಾದವು. ಮುಚ್ಚಿದ ಬಾಗಿಲಿನ ಹಿಂದೆ ಗಿಡ ಕಾಣದಿದ್ದರೆ ಬೆಳೆಸಿದ ಸಂತೋಷವೇ ಇಲ್ಲ ಎಂದು ಕಿಟಕಿ ಮಾಡುವವರಿಂದ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಬಾಗಿಲು ಮಾಡಿಸಿದೆ, 2,200 ರೂಪಾಯಿ. ಆದರೆ ಗಾಜು ಬಿಸಿಯನ್ನು ತಡೆಯುವುದಿಲ್ಲ. ಹೀಗಾಗಿ ಶಿವರಾತ್ರಿ ಕಳೆಯುತ್ತಲೇ ಮೇಲಿನ ಹಿಂಜಿನ ಬೋಲ್ಟುಗಳನ್ನು ಬಿಚ್ಚಿ ಹಳೆಯ ಬಾಗಿಲನ್ನು ಏರಿಸುತ್ತೇವೆ, ಮಳೆ ಹಿಡಿದ ಮೇಲೆ ಗಾಜಿನದು. ಇಬ್ಬರಿದ್ದರೆ ಇಪ್ಪತ್ತು ನಿಮಿಷದ ಕೆಲಸ.

ಏನು ಬೆಳೆಯುತ್ತದೆ, ಏನು ಇಲ್ಲ? ಒಂದೆಲಗ ಅತ್ಯುತ್ತಮ. ಅಗಲವಾದ ತಟ್ಟೆಯಲ್ಲಿ ಹಬ್ಬಿ, ಬಳ್ಳಿಯ ಗೆಣ್ಣುಗಳು ತರಕಾರಿ ಡಬ್ಬಿಯ ನೀರಿನವರೆಗೆ ಇಳಿದು ಅಲ್ಲೂ ಬೇರು ಬಿಟ್ಟಿವೆ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎಲೆ ಸಿಗುತ್ತದೆ, ನಾಲ್ಕು ಜನಕ್ಕೆ ತಂಬುಳಿಗೆ ಸಾಕು. ಬಿಗೋನಿಯಾ, ಫಿಟೋನಿಯಾ, ಸೆಲಾಜಿನೆಲ್ಲಾ ಯಾವ ತಕರಾರೂ ಇಲ್ಲದೆ ಬೆಳೆದಿವೆ. ಕಾಳುಮೆಣಸಿನ ಎರಡು ಗೆಣ್ಣಿನ ತುಂಡುಗಳು ಹತ್ತು ನೆಟ್ಟಿದ್ದೆ, ಏಳು ಬೇರು ಬಿಟ್ಟವು. ಅವು ಕಲಬುರಗಿಯ ಅಂಗಳದಲ್ಲಿ ನಿಲ್ಲುವ ಬಳ್ಳಿಗಳಲ್ಲ ಎಂದು ತವರಿಗೇ ಮರಳಿ ಒಯ್ದು ಅಡಿಕೆ ಮರದ ಬುಡಕ್ಕೆ ಹಚ್ಚಿದೆ. ದೊಡ್ಡಪತ್ರೆ ಒಂದೇ ವಾರದಲ್ಲಿ ಕೊಳೆಯಿತು. ಕೊತ್ತಂಬರಿ ದೀಪ ಸಾಲದೆ ಉದ್ದಕ್ಕೆ ಎದ್ದು ಮಲಗಿತು. ಟೊಮೆಟೊ, ಮೆಣಸಿನ ಬೀಜ ಬೇಗ ಮೊಳೆಯುತ್ತವೆ, ಆದರೆ ಎರಡೆಲೆ ಬಂದ ತಕ್ಷಣ ಹೊರಗೆ ತೆಗೆಯಬೇಕು. ಒಮ್ಮೆ ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಒಂದು ತಟ್ಟೆಯ ಸಸಿಗಳೆಲ್ಲ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸಣ್ಣಗಾಗಿ ಅಡ್ಡಬಿದ್ದಿದ್ದವು, ಬುಡದ ಸುತ್ತ ಹತ್ತಿಯಂಥ ಬಿಳಿ ಬೂಷ್ಟು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಈಗ ಫ್ಯಾನುಗಳ ಅಡಾಪ್ಟರನ್ನು ಮಾತ್ರ ಮನೆಯ ಇನ್ವರ್ಟರಿಗೆ ಜೋಡಿಸಿದ್ದೇವೆ. ದೀಪ ಒಂದು ದಿನ ಇಲ್ಲದಿದ್ದರೆ ನಡೆಯುತ್ತದೆ, ಗಾಳಿ ಇಲ್ಲದಿದ್ದರೆ ನಡೆಯುವುದಿಲ್ಲ.

ಒಟ್ಟು ಖರ್ಚು ಗಾಜಿನ ಬಾಗಿಲೂ ಸೇರಿ ಸುಮಾರು 5,400 ರೂಪಾಯಿ, ಕೆಟ್ಟ ದೀಪಗಳದ್ದು ಬೇರೆ. ಕರೆಂಟು ತಿಂಗಳಿಗೆ ಒಂಬತ್ತು ಹತ್ತು ಯೂನಿಟ್. ಮೂಲದ ಕಬ್ಬಿಣದ ಜಾಲರಿ ತಟ್ಟೆಗಳು ಒಂದೂವರೆ ವರ್ಷದಲ್ಲಿ ತುಕ್ಕು ಹಿಡಿದವು, ಸ್ಟೀಲಿನವು ಬಂದಿವೆ. ವಾರಕ್ಕೊಮ್ಮೆ ಗೋಡೆ ಒರೆಸುವುದು, ಡಬ್ಬಿಯ ನೀರು ಬದಲಿಸುವುದು ತಪ್ಪುವಂತಿಲ್ಲ. ತಪ್ಪಿದರೆ ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ. ದಿನಕ್ಕೆ ಹತ್ತು ನಿಮಿಷ ಕೊಡಲಾಗದವರು ಇದಕ್ಕೆ ಕೈ ಹಾಕಬಾರದು. ಮಲೆನಾಡು, ಕರಾವಳಿಯಲ್ಲಿರುವವರಿಗೆ ಇದರ ಅಗತ್ಯವೇ ಇಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದವರಿಗೆ ನಾನು ಮನಸ್ಸಾರೆ ಹೇಳುತ್ತೇನೆ, ಮಾಡಿ. ಆದರೆ ನವೆಂಬರ್‌ನಲ್ಲಿ ಶುರು ಮಾಡಿ, ಬೇಸಿಗೆಯಲ್ಲಿ ಅಲ್ಲ.

ನಮ್ಮ ಅತ್ತೆ ಮೊದಲ ದಿನ, "ಹಾಲು ಇಡುವ ಪೆಟ್ಟಿಗೆಯಲ್ಲಿ ಮಣ್ಣು ತುಂಬುತ್ತೀಯಲ್ಲ ತಾಯಿ" ಎಂದು ನಿಜವಾಗಿಯೂ ನೊಂದುಕೊಂಡಿದ್ದರು. ಈಗಲೂ ಅವರಿಗೆ ಜರೀಗಿಡ ಏಕೆ ಬೇಕೆಂದು ಅರ್ಥವಾಗಿಲ್ಲ, ತಂಬುಳಿಯನ್ನು ಮಾತ್ರ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಶಿವರಾತ್ರಿ ಹತ್ತಿರ ಬಂದಿದೆ. ಹಳೆಯ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಕೆಳಗಿನ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಮೂವತ್ತು ವರ್ಷದ ಹಿಂದಿನ ಮಾದರಿಗೆ ಸರಿಹೊಂದುವುದು ಅಂಗಡಿಗಳಲ್ಲಿ ಸಿಗುತ್ತಿಲ್ಲ. ಅಳತೆ ಬರೆದುಕೊಂಡಿದ್ದೇನೆ, ಗುಜರಿ ಅಂಗಡಿಗಳಲ್ಲಿ ಅದೇ ಕಾಲದ ಇನ್ನೊಂದು ಬಾಗಿಲು ಸಿಗುತ್ತದೆಯೇ ಎಂದು ಈ ಭಾನುವಾರ ಹುಡುಕಬೇಕು.