ರಿಪೇರಿ ಆದ ಮೇಲೆ ಕಾರು ಹೊಸ ಶಬ್ದ ಮಾಡಿದರೆ ಎಂಜಿನ್ ಇಳಿಸಲು ಒಪ್ಪಬೇಡಿ

ಮೂರು ದಿನದಿಂದ ಬರೆಯಲೋ ಬೇಡವೋ ಅಂತ ಒದ್ದಾಡುತ್ತಿದ್ದೆ. ಮೋಸ ಹೋದದ್ದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೆ ನಿನ್ನೆ ಪಕ್ಕದ ತೋಟದವರು ಅದೇ ಗ್ಯಾರೇಜಿಗೆ ಕಾರು ಬಿಡಲು ಹೊರಟಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಇಲ್ಲಿ ಹಾಕುವುದಿಲ್ಲ. ದೂರಿನಲ್ಲಿ ಹಾಕುತ್ತೇನೆ.

ನಮ್ಮದು 2014ರ ಸ್ವಿಫ್ಟ್ ಡೀಸೆಲ್. ಊರು ತೀರ್ಥಹಳ್ಳಿ ಹತ್ತಿರ. ಕಾರು 1.4 ಲಕ್ಷ ಕಿಲೋಮೀಟರ್ ಓಡಿದೆ, ಎಂಜಿನ್ ಒಂದು ದಿನ ತಕರಾರು ಮಾಡಿದ್ದಿಲ್ಲ. ಕಳೆದ ತಿಂಗಳು ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ದಾಟಿದ ಮೇಲೆ ಬ್ಯಾಟರಿ ದೀಪ ಹತ್ತಿಕೊಂಡಿತು. ಬಾನೆಟ್ ಎತ್ತಿ ನಾಲ್ಕು ಫೋಟೋ ತೆಗೆದು ಭಾವನಿಗೆ ಕಳಿಸಿದೆ. ‘ಆಲ್ಟರ್ನೇಟರ್ ಇರಬೇಕು, ಎಸಿ ಹಾಕಬೇಡ, ಮೆಲ್ಲಗೆ ಪೇಟೆ ಸೇರಿಕೋ’ ಅಂದರು. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಮಾನು. ಆ ಫೋಟೋ ಆಮೇಲೆ ಕೆಲಸಕ್ಕೆ ಬಂತು.

ಶಿವಮೊಗ್ಗದಲ್ಲಿ ಪರಿಚಯದವರೊಬ್ಬರು ಹೇಳಿದ ಗ್ಯಾರೇಜಿಗೆ ಬಿಟ್ಟೆ. ಮರುದಿನ ಸಂಜೆ ಲೆಕ್ಕ ಕೊಟ್ಟರು. ಆಲ್ಟರ್ನೇಟರ್ ಕೆಲಸ 3,800, ಹೊಸ ಫ್ಯಾನ್ ಬೆಲ್ಟ್ 1,100, ಹೊಸ ಬೆಲ್ಟ್ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ) 2,400, ಮಜೂರಿ 1,500. ಒಟ್ಟು 8,800. ಬಿಲ್ ಕೇಳಿದೆ. ‘ಜಿಎಸ್‌ಟಿ ಹಾಕಿದ್ರೆ ನಿಮಗೇ ಜಾಸ್ತಿ ಆಗುತ್ತೆ ಅಣ್ಣ, ಸುಮ್ನೆ ಚೀಟಿ ಇರ್ಲಿ’ ಅಂದ ಗ್ಯಾರೇಜಿನವನು. ಆಯ್ತು ಅಂದೆ. ನಾನು ಮಾಡಿದ ಮೊದಲ ತಪ್ಪು ಅದು. ಚೀಟಿಯಲ್ಲಿ ಗ್ಯಾರೇಜಿನ ಹೆಸರೂ ಇಲ್ಲ, ಸೀಲೂ ಇಲ್ಲ. ತೆಗೆದ ಹಳೆ ಸಾಮಾನು ಎಲ್ಲಿ ಅಂತ ಕೇಳಲೂ ಇಲ್ಲ. ಅದು ಎರಡನೇ ತಪ್ಪು.

ಬ್ಯಾಟರಿ ದೀಪ ಆರಿತ್ತು. ಆದರೆ ಗಾಜನೂರು ದಾಟುವ ಮೊದಲೇ ಶಬ್ದ ಶುರುವಾಯಿತು. ಗರ್ರ್ ಅಂತ, ಕಾಳು ಹಾಕದೆ ಬೀಸುವ ಕಲ್ಲು ತಿರುಗಿಸಿದ ಹಾಗೆ. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿದೆ.

‘ಹೊಸ ಬೆಲ್ಟ್ ಅಲ್ವಾ ಅಣ್ಣ, ಎರಡು ದಿನ ಓಡ್ಲಿ, ಸರಿ ಹೋಗುತ್ತೆ.’

ಎರಡಲ್ಲ, ಐದು ದಿನ ಓಡಿಸಿದೆ. ಹೋಗಲಿಲ್ಲ. ಮತ್ತೆ ಫೋನ್ ಮಾಡಿದರೆ, ‘ಡೀಸೆಲ್ ಗಾಡಿ ಅಂದ್ಮೇಲೆ ಶಬ್ದ ಇರುತ್ತೆ. ಮೊದ್ಲೇ ಇತ್ತು, ನೀವು ಗಮನಿಸಿಲ್ಲ ಅಷ್ಟೇ.’ ನನ್ನ ಕಾರಿನ ಶಬ್ದ ನನಗೆ ಗೊತ್ತಿಲ್ಲವಾ? ಹತ್ತು ವರ್ಷದಿಂದ ನಾನೇ ಓಡಿಸುತ್ತಿರುವ ಗಾಡಿ!

ಅದರ ನಡುವೆಯೇ ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಲೇಬೇಕಿತ್ತು. ಅದೇ ಶಬ್ದ ಇಟ್ಟುಕೊಂಡು, ಮಳೆಯಲ್ಲಿ, ಆಗುಂಬೆ ಘಾಟಿಯ 14 ತಿರುವು ಇಳಿದು ಹತ್ತಿದೆ. ಬರುವಾಗ ಅಮ್ಮ, ‘ಇದೇನೋ ಹೀಗೆ ಕೂಗ್ತದೆ’ ಅಂತ ಎರಡು ಸಲ ಕೇಳಿದರು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮತ್ತೆ ಶಿವಮೊಗ್ಗಕ್ಕೆ ಒಯ್ದೆ. ಬಾನೆಟ್ ಎತ್ತಿದ, ಎರಡು ಸಲ ರೇಸ್ ಮಾಡಿದ, ತಲೆ ಅಲ್ಲಾಡಿಸಿದ. ಮುಟ್ಟಿ ನೋಡಲೂ ಇಲ್ಲ. ‘ಟೈಮಿಂಗ್ ಚೈನ್ ಹೋಗಿದೆ ಅಣ್ಣ. ಎಂಜಿನ್ ಇಳಿಸ್ಬೇಕು. 42 ಸಾವಿರ ಆಗುತ್ತೆ.’ ಟೈಮಿಂಗ್ ಚೈನ್ ಅಂದರೆ ಎಂಜಿನ್ ಒಳಗೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ. ನಾನು ಸುಮ್ಮನೆ ನಿಂತದ್ದು ನೋಡಿ, ‘ಮಾರುತಿಯವ್ರು ಡೀಸೆಲ್ ನಿಲ್ಲಿಸಿ ಎಷ್ಟು ವರ್ಷ ಆಯ್ತು, ಮುಂದೆ ಸಾಮಾನೇ ಸಿಗಲ್ಲ. ಚೈನ್ ತುಂಡಾದ್ರೆ ಎಂಜಿನ್ನೇ ಹೋಗುತ್ತೆ, ಆಮೇಲೆ ನನ್ನನ್ನು ಕೇಳ್ಬೇಡಿ’ ಅಂದ. ಡೀಸೆಲ್ ಕಾರು 2020ರ ಏಪ್ರಿಲ್‌ನಲ್ಲಿ ನಿಂತದ್ದು ನಿಜ. ಆದರೆ ಸಾಮಾನು ಈಗಲೂ ಸಿಗುತ್ತದೆ. ಚೈನ್ ತುಂಡಾದರೆ ಎಂಜಿನ್ ಹಾಳಾಗುವುದೂ ನಿಜವೇ. ನಿಜದ ಜೊತೆ ಸುಳ್ಳು ಸೇರಿಸಿ ಹೆದರಿಸಿದರೆ ನಮ್ಮಂಥವರಿಗೆ ಬೇರೆ ಮಾಡಿ ನೋಡಲು ಬರುವುದಿಲ್ಲ. ಹೆದರಿಬಿಟ್ಟೆ. ಚೈನ್ ಕಿಟ್ ಆರ್ಡರ್ ಮಾಡಲು ಅಂತ 15,000 ಅಡ್ವಾನ್ಸ್ ಫೋನ್‌ನಲ್ಲೇ ಹಾಕಿದೆ. ಹೌದು, ಹಾಕಿದೆ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಒಂದೇ ಮಾತು ಕೇಳಿದಳು. ‘ಅವರು ಬಿಚ್ಚಿದ್ದು ಬೆಲ್ಟ್, ಹಾಳಾದದ್ದು ಎಂಜಿನ್ನಾ?’ ಮರುದಿನ ಬೆಳಿಗ್ಗೆ ನಮ್ಮೂರ ಸಾಬ್ರ ಹತ್ತಿರ ಹೋದೆ. ಜೀಪುಗಳ ಕಾಲದಿಂದ ಕೆಲಸ ಮಾಡಿದವರು.

ಅವರು ಶಬ್ದ ಕೇಳಿ ಮೊದಲು ಕೇಳಿದ್ದು, ‘ಈಗ ಯಾವುದಕ್ಕೆ ಕೈ ಹಾಕಿದ್ರು ಗೌಡ್ರೇ?’ ಬೆಲ್ಟ್, ಆಲ್ಟರ್ನೇಟರ್ ಅಂದೆ. ಎಂಜಿನ್ ಆಫ್ ಮಾಡಿಸಿ ಬೆಲ್ಟ್ ಕಳಚಿದರು. ‘ಈಗ ಸ್ಟಾರ್ಟ್ ಮಾಡಿ, ಒಂದೇ ನಿಮಿಷ. ಈ ಗಾಡೀಲಿ ವಾಟರ್ ಪಂಪೂ ಇದೇ ಬೆಲ್ಟಲ್ಲಿ ತಿರುಗೋದು, ಜಾಸ್ತಿ ಹೊತ್ತು ಬೇಡ.’

ಸ್ಟಾರ್ಟ್ ಮಾಡಿದೆ. ಶಬ್ದ ಇಲ್ಲ. ಪೂರ್ತಿ ಇಲ್ಲ. ಹಳೆಯ ನನ್ನ ಕಾರಿನ ಶಬ್ದ ಮಾತ್ರ.

‘ಚೈನ್ ಎಂಜಿನ್ ಒಳಗೆ ಇರೋದು. ಚೈನ್ ಶಬ್ದ ಆಗಿದ್ರೆ ಬೆಲ್ಟ್ ತೆಗೆದ್ರೂ ಇರ್ಬೇಕಿತ್ತು’ ಅಂದರು. ಆಮೇಲೆ ಟೆನ್ಷನರ್ ಗಾಲಿಯನ್ನು ಕೈಯಲ್ಲಿ ತಿರುಗಿಸಿದರು. ಗರಗರ ಅಂತ ಮರಳು ಸಿಕ್ಕ ಹಾಗೆ ತಿರುಗಿತು. ಬೇರಿಂಗ್ ಹೋಗಿತ್ತು. ಹೊಸದಕ್ಕೆ ಹೀಗೆ ಆಗುತ್ತಾ ಅಂತ ಕೇಳಿದೆ. ಬಿಚ್ಚಿ ನನ್ನ ಕೈಗೇ ಕೊಟ್ಟರು. ‘ಹೊಸದಾ ಇದು? ನೀವೇ ನೋಡಿ.’

ಅಂಚಿನಲ್ಲಿ ಒಂದು ಚೂರು ಹಾರಿಹೋಗಿತ್ತು. ನನಗೆ ಅದು ಎಲ್ಲೋ ನೋಡಿದ ಹಾಗೆ ಅನ್ನಿಸಿತು. ಮಂಡಗದ್ದೆ ಹತ್ತಿರ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ಗಾಲಿ, ಅದೇ ಅಂಚು, ಅದೇ ಚೂರು. 2,400 ತೆಗೆದುಕೊಂಡು ನನ್ನದೇ ಹಳೆಯ ಸಾಮಾನನ್ನು ಡೀಸೆಲ್‌ನಲ್ಲಿ ತೊಳೆದು ಹಾಕಿದ್ದರು! ಬೇರಿಂಗ್ ಒಳಗಿದ್ದ ಗ್ರೀಸೂ ತೊಳೆದು ಹೋಗಿರಬೇಕು ಅಂದರು ಸಾಬ್ರು. ಹಳೆ ಗಾಲಿ ಅಲ್ಲಿಯವರೆಗೆ ಕೂಗಿರಲಿಲ್ಲ, ಇವರು ತೊಳೆದ ಮೇಲೆ ಕೂಗಿತು. ಅದು ಘಾಟಿಯಲ್ಲಿ ಜಾಮ್ ಆಗಿ ಬೆಲ್ಟ್ ಕಿತ್ತುಹೋಗಿದ್ದರೆ ವಾಟರ್ ಪಂಪ್ ನಿಂತು ಎಂಜಿನ್ ಕಾದು ಹೋಗುತ್ತಿತ್ತು. ಮಳೆಯಲ್ಲಿ, ಅಮ್ಮ ಒಳಗಿರುವಾಗ. ಆ ಹೊತ್ತಿನಲ್ಲಿ ನನಗೆ ಆದ ಸಿಟ್ಟು ಹೇಳಲು ಆಗುವುದಿಲ್ಲ. ಅಂಗಡಿಯ ಬೆಂಚಿನ ಮೇಲೆ ಹಾಗೇ ಕೂತುಬಿಟ್ಟೆ.

ಗ್ಯಾರೇಜಿಗೆ ಎರಡೂ ಫೋಟೋ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ. ಫೋನ್ ಮಾಡಿದೆ.

‘ಹುಡುಗ ತಪ್ಪಿ ಹಳೇದು ಹಾಕಿರ್ಬೇಕು ಅಣ್ಣ.’ ಹಾಗಾದರೆ ಹೊಸದು ಎಲ್ಲಿ? ‘ನೋಡ್ತೀನಿ.’ ಚೈನ್ ಹೋಗಿದೆ ಅಂದಿರಲ್ಲ? ‘ಶಬ್ದ ಕೇಳಿ ಹೇಳಿದ್ದು, ಗ್ಯಾರಂಟಿ ಕೊಟ್ಟಿದ್ನಾ?’ ಅಡ್ವಾನ್ಸ್ ವಾಪಸ್ ಕೊಡಿ. ‘ಸಾಮಾನು ಆರ್ಡರ್ ಆಗಿದೆ, ಕ್ಯಾನ್ಸಲ್ ಆಗಲ್ಲ.’ ದೂರು ಕೊಡುತ್ತೇನೆ ಅಂದೆ. ಆಗ ಅವನ ದನಿಯೇ ಬದಲಾಯಿತು. ‘ಕೊಡಿ. ಬಿಲ್ ಎಲ್ಲಿದೆ?’

ಅಣ್ಣ ಅಣ್ಣ ಅನ್ನುತ್ತಿದ್ದವನು ಅಷ್ಟು ತಣ್ಣಗೆ ಕೇಳಿದ. ನಾಲ್ಕು ದಿನದ ಮೇಲೆ 6,000 ಬಂತು. ಉಳಿದದ್ದಕ್ಕೆ ಫೋನ್ ಎತ್ತುತ್ತಿಲ್ಲ.

ಸಾಬ್ರು ಹೊಸ ಟೆನ್ಷನರ್ ಹಾಕಿದರು. ಸಾಮಾನು ನಾನೇ ತಂದೆ, ಅದಕ್ಕೆ 1,950, ಮಜೂರಿ 400. ಕಾರು ಈಗ ಮೊದಲಿನ ಹಾಗೆ ಇದೆ.

ದಯವಿಟ್ಟು ಕೇಳಿ. ಕೆಲಸ ಮಾಡಿಸಿದ ಮೇಲೆ ಹೊಸ ಶಬ್ದ ಬಂದರೆ, ಅವರು ಕೈ ಹಾಕಿದ ಜಾಗವನ್ನೇ ಮೊದಲು ನೋಡಿಸಿ. ಬೆಲ್ಟ್ ಕಳಚಿ ಶಬ್ದ ಕೇಳಿಸದೆ ಎಂಜಿನ್ ಇಳಿಸುತ್ತೇನೆ ಅಂದವರ ಹತ್ತಿರ ಗಾಡಿ ಬಿಡಬೇಡಿ. ಹಳೆ ಸಾಮಾನು ಡಿಕ್ಕಿಗೆ ಹಾಕಿಸಿಕೊಂಡು ಬನ್ನಿ. ಕೆಲಸಕ್ಕೆ ಬಿಡುವ ಮೊದಲು ಬಾನೆಟ್ ಒಳಗಿನ ಫೋಟೋ ತೆಗೆಯಿರಿ. ಬಿಲ್ ಬೇಡ ಅಂತ ಮಾತ್ರ ಅನ್ನಲೇಬೇಡಿ.

ಬಿಲ್ ಇಲ್ಲದಿದ್ದರೂ ಫೋನ್‌ನಲ್ಲಿ ಹಣ ಹೋದ ದಾಖಲೆ ಇದೆ, ಚೀಟಿ ಇದೆ, ಫೋಟೋ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಮಾತಾಡಿದ್ದೇನೆ. ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಸೋಮವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ. ಆ ಚೂರು ಹಾರಿದ ಗಾಲಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲೇ ಇಟ್ಟಿದ್ದೇನೆ.