ಹಳೆ ಪಿಕಪ್‌ನ ಚಾಸಿಗೆ ಕ್ಯಾವಿಟಿ ವ್ಯಾಕ್ಸ್: ವರ್ಷಗಟ್ಟಲೆ ದುಡಿಸಿದ ಮೇಲಿನ ವಿಮರ್ಶೆ

ಹಳೆ ಪಿಕಪ್ ಸರಿಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಪೇಂಟ್ ಬಗ್ಗೆ. ಯಾವ ಬಣ್ಣ, ಎಷ್ಟು ಕೋಟ್, ಎಷ್ಟು ಹೊಳಪು. ನಾನು ಬರೆಯುತ್ತಿರುವುದು ಚಾಸಿಯ ಒಳಗೆ, ಬಾಗಿಲುಗಳ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗಗಳಿಗೆ ಹೊಡೆಯುವ ಮೇಣದ ಸ್ಪ್ರೇ ಬಗ್ಗೆ. ಡಬ್ಬಿಯ ಮೇಲೆ ಕ್ಯಾವಿಟಿ ವ್ಯಾಕ್ಸ್ ಎಂದು ಬರೆದಿರುತ್ತಾರೆ. ನನ್ನ ಪಿಕಪ್ ಇವತ್ತಿಗೂ ಲೋಡ್ ಹೊತ್ತು ಓಡುತ್ತಿದೆ. ಅದರ ದೊಡ್ಡ ಪಾಲು ಈ ಮೇಣಕ್ಕೆ ಸಲ್ಲಬೇಕು.

ಗಾಡಿ ನನ್ನ ಕೈಗೆ ಬಂದಾಗ ದುಡಿದು ದುಡಿದು ಸವೆದಿತ್ತು. ಡೀಸೆಲ್ ಎಂಜಿನ್, ಲ್ಯಾಡರ್ ಚಾಸಿ (ಎರಡು ಉದ್ದ ತೊಲೆಗಳನ್ನು ಅಡ್ಡ ತೊಲೆಗಳಿಂದ ಏಣಿಯಂತೆ ಜೋಡಿಸಿದ ಅಡಿಚೌಕಟ್ಟು), ಹಿಂದೆ ಪಾಟಾ, ಅಂದರೆ ಪಟ್ಟಿಪಟ್ಟಿ ಜೋಡಿಸಿದ ಸ್ಪ್ರಿಂಗ್. ಲೋಡ್ ಬಾಡಿಯ ಪಕ್ಕಗಳು ನೆಗ್ಗಿದ್ದವು. ಹಿಂದಿನ ಡೋರಿನ ಕೊಂಡಿ ಕಿತ್ತುಹೋಗಿತ್ತು. ಕ್ಯಾಬಿನ್ ನೆಲದ ಮೂಲೆಯಲ್ಲಿ ರಸ್ತೆ ಕಾಣುತ್ತಿತ್ತು. ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಆದರೆ ಎಂಜಿನ್ ಕೆಟ್ಟರೆ ಬೇರೆಯದು ಕೂರಿಸಬಹುದು, ಚಾಸಿ ಕೊಳೆತರೆ ಗಾಡಿಯ ಕಥೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕೆಲಸ ಶುರುವಾಗಿದ್ದು ಅಡಿಯಿಂದ.

ಹಿಂದಿನ ಮಾಲೀಕರು ಅಡಿಗೆ ಪೂರ್ತಿ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆಸಿದ್ದರು. ನೋಡಲು ಹೊಸದರಂತೆ ಇತ್ತು. ಸ್ಕ್ರೇಪರ್ ಹಾಕಿದಾಗ ಅದು ಹಾಳೆಹಾಳೆಯಾಗಿ ಎದ್ದು ಬಂತು, ಅದರ ಹಿಂದೆಯೇ ತುಕ್ಕಿನ ಪದರವೂ ಬಂತು. ಆ ಕೋಟಿಂಗ್ ಒಣಗಿ ಗಟ್ಟಿಯಾದ ಮೇಲೆ ಸಣ್ಣದಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನುಗ್ಗಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಅದು ಉಬ್ಬುತ್ತಾ ಕೋಟಿಂಗನ್ನು ಇನ್ನಷ್ಟು ಎತ್ತುತ್ತದೆ, ಇನ್ನಷ್ಟು ನೀರು ಬರುತ್ತದೆ. ಹಳೆ ಗಾಡಿ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಖುಷಿಪಡಬೇಡಿ, ಸುತ್ತಿಗೆ ತಗೊಂಡು ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಕೊಳೆತದ್ದು ಡಬ್ ಎನ್ನುತ್ತದೆ.

ನಮ್ಮ ಗಾಡಿಯಲ್ಲಿ ಡಬ್ ಎಂದ ಜಾಗಗಳು ಹಳೆ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕೊಳೆಯುವ ಜಾಗಗಳೇ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗಿ ಏರುವ ಕಡೆ, ಪಾಟಾವನ್ನು ಚಾಸಿಗೆ ಹಿಡಿಸುವ ಹ್ಯಾಂಗರ್‌ಗಳ ಸುತ್ತ, ಕ್ಯಾಬಿನ್ ಕೂರುವ ಬ್ರಾಕೆಟ್‌ಗಳ ಬುಡದಲ್ಲಿ. ಅಲ್ಲೆಲ್ಲ ಮಣ್ಣು ಕೂತು, ಒದ್ದೆ ಗೋಣಿಚೀಲ ಸುತ್ತಿಟ್ಟ ಹಾಗೆ ಕಬ್ಬಿಣವನ್ನು ದಿನಗಟ್ಟಲೆ ಹಸಿಯಾಗಿಯೇ ಇಡುತ್ತದೆ. ಗೊಬ್ಬರ, ಉಪ್ಪು ಸಾಗಿಸಿದ ಗಾಡಿಯಾದರೆ ಇನ್ನೂ ಕಷ್ಟ. ಅವು ನೀರಿನಲ್ಲಿ ಕರಗಿದರೆ ತುಕ್ಕಿನ ವೇಗ ಹೆಚ್ಚುತ್ತದೆ.

ಕೊಳೆತದ್ದನ್ನು ಕತ್ತರಿಸಿ, ಅದೇ ದಪ್ಪದ ತಗಡು ಕೂರಿಸಿ ವೆಲ್ಡ್ ಮಾಡಿದೆವು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕನ್ನೇ ಇಳಿಸಿ ದೂರ ಇಟ್ಟಿದ್ದೆವು. ಮೇಣದ ಮಹತ್ವ ಗೊತ್ತಾಗುವುದು ಈ ಹಂತದಲ್ಲೇ. ಚಾಸಿಯ ಉದ್ದ ತೊಲೆ ಪೆಟ್ಟಿಗೆಯ ಆಕಾರದ್ದು. ಹೊರಗಿಂದ ವೆಲ್ಡ್ ಮಾಡಿದರೆ ಆ ಶಾಖಕ್ಕೆ ಒಳಗಿನ ಬಣ್ಣವೂ ಸುಟ್ಟುಹೋಗುತ್ತದೆ. ಹೊರಗೆ ಗ್ರೈಂಡ್ ಮಾಡಿ, ಪ್ರೈಮರ್ ಹಚ್ಚಿ ಚಂದ ಮಾಡಬಹುದು. ಒಳಗೆ ಬ್ರಷ್ ಹೋಗುವುದಿಲ್ಲ, ಸ್ಪ್ರೇ ಗನ್ನೂ ಹೋಗುವುದಿಲ್ಲ. ಅಲ್ಲಿ ಬರಿ ಕಬ್ಬಿಣ ಗಾಳಿಗೆ ತೆರೆದುಕೊಂಡೇ ಉಳಿಯುತ್ತದೆ. ಚೆನ್ನಾಗಿ ವೆಲ್ಡ್ ಮಾಡಿಸಿದ ತುಂಬಾ ಗಾಡಿಗಳು ಕೆಲವೇ ವರ್ಷಗಳಲ್ಲಿ ಅದೇ ಜಾಗದಲ್ಲಿ ಮತ್ತೆ ತೂತಾಗುವುದು ಇದಕ್ಕೇ. ವೆಲ್ಡರ್‌ನ ಕೈ ಕೆಟ್ಟದ್ದು ಅಂತ ಜನ ಬೈಯುತ್ತಾರೆ, ಪಾಪ.

ಕ್ಯಾವಿಟಿ ವ್ಯಾಕ್ಸ್ ಆ ಬರಿ ಕಬ್ಬಿಣವನ್ನು ಮುಚ್ಚುತ್ತದೆ. ಡಬ್ಬಿಯಲ್ಲಿ ಮೇಣ ತೆಳುವಾದ ದ್ರಾವಣದಲ್ಲಿ ಕರಗಿರುತ್ತದೆ, ತುಕ್ಕು ತಡೆಯುವ ರಾಸಾಯನಿಕವೂ ಸೇರಿರುತ್ತದೆ. ಉದ್ದನೆಯ ನಳಿಕೆಯನ್ನು ಚಾಸಿಯ ತೂತಿನಿಂದ ಒಳಗೆ ತೂರಿಸಿ, ಒತ್ತಿ ಹಿಡಿದು ನಿಧಾನವಾಗಿ ಹೊರಗೆ ಎಳೆಯಬೇಕು. ನಳಿಕೆಯ ತುದಿ ಸುತ್ತಲೂ ಮಂಜಿನಂತೆ ಚಿಮ್ಮುತ್ತದೆ. ಎರಡು ತಗಡು ಸೇರುವ ಸಂದಿಗಳಿಗೆ ಅದು ತಾನೇ ಹರಿದು ಇಳಿಯುತ್ತದೆ. ದ್ರಾವಣ ಆರಿದ ಮೇಲೆ ಉಳಿಯುವುದು ಮೆತ್ತನೆಯ ಮೇಣದ ಪದರ. ಅದು ಪೂರ್ತಿ ಗಟ್ಟಿಯಾಗುವುದಿಲ್ಲ, ಅದೇ ಅದರ ದೊಡ್ಡ ಗುಣ. ಲೋಡ್ ಹಾಕಿದಾಗ ಚಾಸಿ ತಿರುಚಿದರೂ ಬಿರುಕು ಬಿಡುವುದಿಲ್ಲ.

ಈಗ ಫಲಿತಾಂಶ. ಮೊಬೈಲಿಗೆ ಸಿಕ್ಕಿಸುವ ಸಣ್ಣ ವೈರ್ ಕ್ಯಾಮೆರಾವನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಚಾಸಿಯೊಳಗೆ ಬಿಟ್ಟು ನೋಡುತ್ತಾ ಬಂದಿದ್ದೇನೆ. ವೆಲ್ಡ್ ಆದ ಜಾಗಗಳ ಒಳಗೆ ಮೇಣ ಈಗಲೂ ಜೇನಿನ ಬಣ್ಣದಲ್ಲೇ ಇದೆ. ಹೊಸ ತುಕ್ಕು ಕಾಣುತ್ತಿಲ್ಲ. ಹೋಲಿಸಿ ನೋಡಬೇಕು ಅಂತಲೇ ಒಂದು ಸಣ್ಣ ಅಡ್ಡ ತೊಲೆಗೆ ಮೇಣ ಹೊಡೆಯದೆ, ಹೊರಗಿನ ಪೇಂಟ್ ಮಾತ್ರ ಕೊಟ್ಟಿದ್ದೆ. ಹೊರಗೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಅದರ ತಳದಲ್ಲಿ ಕೆಂಪು ಪುಡಿ ಉದುರಿ ಬಿದ್ದಿತ್ತು. ಆಮೇಲೆ ಅದಕ್ಕೂ ಹೊಡೆದೆ.

ಹೊರಮೈಗೆ ಇದೇ ಮಾತು ಹೇಳಲಾರೆ. ಟೈರಿನ ಹಿಂದೆ, ಕಲ್ಲು ನೀರು ನೇರವಾಗಿ ಬಡಿಯುವ ಕಡೆ ಮೇಣ ನಿಲ್ಲುವುದಿಲ್ಲ. ಧೂಳು ಅಂಟಿಕೊಂಡು ಅಡಿ ಗಲೀಜಾಗುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್‌ಗಳು ಗೊಣಗುತ್ತಾರೆ, ಅವರ ಗೊಣಗಾಟ ನ್ಯಾಯವಾದದ್ದೇ. ಹೊರಗೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಚಾಸಿ ಪೇಂಟ್, ಇದೇ ಸರಿ. ಸಾಮಾನ್ಯ ಪ್ರೈಮರ್ ತೇವ ಹೀರುತ್ತದೆ, ಎಪಾಕ್ಸಿ ಹಾಗಲ್ಲ. ಬಿಸಿಲಿಗೆ ಮಾತ್ರ ಅದು ಪುಡಿಯಾಗುತ್ತದೆ, ಹಾಗಾಗಿ ಮೇಲೊಂದು ಪೇಂಟ್ ಬೇಕೇ ಬೇಕು.

ತುಕ್ಕನ್ನು ಕಪ್ಪಗೆ ಮಾಡುವ ಕನ್ವರ್ಟರ್ ದ್ರವವನ್ನೂ ಕೆಲವು ಕಡೆ ಬಳಸಿದ್ದೇನೆ. ಟ್ಯಾನಿಕ್ ಆಮ್ಲ ಇರುವ ಥರದ್ದು. ಗ್ರೈಂಡರ್ ಹೋಗದ ಮೂಲೆಗಳ ತೆಳು ತುಕ್ಕಿಗೆ ಚೆನ್ನಾಗಿದೆ. ಆದರೆ ಅದು ದಪ್ಪ ಪೊರೆಯ ಮೇಲ್ಭಾಗವನ್ನಷ್ಟೇ ಬದಲಿಸುತ್ತದೆ, ತಳದಲ್ಲಿ ತುಕ್ಕು ಹಾಗೇ ಇರುತ್ತದೆ. ಪೊರೆಯನ್ನು ಉದುರಿಸಿ, ವೈರ್ ಬ್ರಷ್ ಹಾಕಿದ ಮೇಲೇ ಹಚ್ಚಬೇಕು. ಆಮ್ಲದ ಅಂಶ ಉಳಿದ ಕಡೆ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ ಎನ್ನುವುದೂ ನೆನಪಿರಲಿ. ಎಪಾಕ್ಸಿಗೆ ಹೊಳೆಯುವ ಬರಿ ಕಬ್ಬಿಣವೇ ಬೇಕು.

ಬ್ರೇಕ್ ಪೈಪಿನದ್ದೂ ಒಳಗಿನ ಕಥೆಯೇ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಬ್ರೇಕ್ ಆಯಿಲ್‌ನ ಸ್ವಭಾವ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಅದಕ್ಕಿರುವ ಕನಿಷ್ಠ ಮಟ್ಟ 155 ಡಿಗ್ರಿ. ಆಯಿಲ್ ಕುದಿದು ಆವಿಯಾದರೆ ಬ್ರೇಕ್ ಹಿಡಿಯುವುದಿಲ್ಲ. ಲೋಡ್ ಹೊತ್ತು ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುವ ಗಾಡಿಗೆ ಇದು ಜೀವದ ಪ್ರಶ್ನೆ, ಅಲ್ವಾ? ಹಳೆ ಉಕ್ಕಿನ ಪೈಪುಗಳನ್ನೆಲ್ಲ ತೆಗೆದು ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿಸಿದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುತ್ತೇನೆ. ಪಾಟಾ ಸೆಟ್ಟು, ಬುಷ್, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಎಲ್ಲ ಹೊಸದು. ಯು ಬೋಲ್ಟನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಮೇಣ ಹೊಡೆಸುವ ಯೋಚನೆ ಇದ್ದರೆ ಕೆಲವು ವಿಷಯ. ವೆಲ್ಡಿಂಗ್ ಕೆಲಸ ಪೂರ್ತಿ ಮುಗಿದ ಮೇಲೇ ಹೊಡೆಸಿ. ಮೇಣ ಬೆಂಕಿ ಹಿಡಿಯುತ್ತದೆ. ಮುಂದೆ ಎಂದಾದರೂ ವೆಲ್ಡ್ ಮಾಡಿಸುವುದಿದ್ದರೆ ವೆಲ್ಡರ್‌ಗೆ ಮೊದಲೇ ಹೇಳಿ, ಆ ಜಾಗ ಒರೆಸಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಚಾಸಿಯ ಒಳಗೆ ಕೂತ ಮಣ್ಣನ್ನು ನೀರಿನ ಒತ್ತಡದಲ್ಲಿ ತೊಳೆದು, ಕೆಲವು ದಿನ ಒಣ ಹವೆಯಲ್ಲಿ ಪೂರ್ತಿ ಒಣಗಲು ಬಿಡಿ. ಒದ್ದೆ ಮಣ್ಣಿನ ಮೇಲೆ ಬಿದ್ದ ಮೇಣ ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಬ್ರೇಕ್ ಡ್ರಮ್, ಡಿಸ್ಕ್, ಸೈಲೆನ್ಸರ್ ಮುಚ್ಚಿರಲಿ. ರಬ್ಬರ್ ಬುಷ್‌ಗಳಿಂದಲೂ ದೂರ ಇಡಿ. ವಾಸನೆ ಕೆಲವು ವಾರ ಇರುತ್ತದೆ. ಮೊದಲ ಬೇಸಿಗೆಯಲ್ಲಿ ತೂತುಗಳಿಂದ ಹನಿ ಹನಿ ಸೋರುತ್ತದೆ, ಗಾಬರಿ ಬೇಡ.

ಬಾಗಿಲಿನ ಕೆಳಗಿನ ನೀರಿಳಿಯುವ ತೂತುಗಳನ್ನು ಮಾತ್ರ ಮೇಣ ಆರಿದ ಮೇಲೆ ಒಂದು ತಂತಿ ಹಾಕಿ ಬಿಡಿಸಲೇಬೇಕು. ಇಲ್ಲದಿದ್ದರೆ ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೇ ನಿಲ್ಲುತ್ತದೆ. ಡಬ್ಬಿ ಕೊಳ್ಳುವಾಗ ಹೆಸರಿಗಿಂತ ನಳಿಕೆ ನೋಡಿ. ತುದಿಯಲ್ಲಿ ಒಂದೇ ತೂತು ಇರುವುದು ಬೇಡ, ಸುತ್ತಲೂ ಚಿಮ್ಮುವಂಥದ್ದು ಬೇಕು. ಚಾಸಿಯ ಒಂದು ತೂತಿನಿಂದ ಮುಂದಿನ ತೂತಿನವರೆಗೆ ತಲುಪುವಷ್ಟು ಉದ್ದವೂ ಇರಬೇಕು.