ಅಪರೂಪದ ಬಿಯರ್ ಅದಲುಬದಲು ಮಾಡುವವರೇ, ಬಾಟಲಿ ಎಲ್ಲಿತ್ತು ಎಂದು ಮೊದಲು ಕೇಳಿ

ಕೊಡಗಿನಲ್ಲಿ ಸಣ್ಣ ತಯಾರಕರು ಮಾಡುವ ಕ್ರಾಫ್ಟ್ ಬಿಯರ್‌ ಬಗ್ಗೆ ನಿಜವಾದ ಆಸಕ್ತಿ ಇರುವವರು ಬೆರಳೆಣಿಕೆಯಷ್ಟು ಜನ. ಮದುವೆಯಲ್ಲೋ ಕೈಲ್ ಪೊಳ್ದ್ ಹಬ್ಬದ ಊಟದಲ್ಲೋ ಒಬ್ಬರಿಗೊಬ್ಬರು ಸಿಗುತ್ತಲೇ ಇರುತ್ತೇವೆ. ಇಷ್ಟು ಚಿಕ್ಕ ಬಳಗದಲ್ಲಿ ಯಾರು ಯಾರಿಗೆ ಮೋಸ ಮಾಡುತ್ತಾರೆ ಎಂದು ನಂಬಿಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಕ್ಷಿಣ ಕೊಡಗಿನಲ್ಲಿ ಹೋಂಸ್ಟೇ ನಡೆಸುವ ಒಬ್ಬರು ನನ್ನಿಂದ ಎರಡು ಒಳ್ಳೆಯ ಬೆಲ್ಜಿಯನ್ ಬಾಟಲಿಗಳನ್ನು ತೆಗೆದುಕೊಂಡು, ಬದಲಿಗೆ ಬಿಸಿಲಿಗೆ ಕೆಟ್ಟುಹೋದ ಒಂದನ್ನೂ ಒಪ್ಪಿಕೊಂಡದ್ದಕ್ಕಿಂತ ಬೇರೆಯಾದ ಇನ್ನೊಂದನ್ನೂ ಕೊಟ್ಟರು. ಆಮೇಲೆ ನನ್ನ ಒಂದು ಬಾಟಲಿಯನ್ನು ತಮ್ಮ ಅತಿಥಿಗಳಿಗೆ ಗ್ಲಾಸಿನ ಲೆಕ್ಕದಲ್ಲಿ ಮಾರಿದರು. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹಾಕುವುದಿಲ್ಲ. ಅವರು ವ್ಯವಹರಿಸಿದ ರೀತಿ ತಿಳಿದರೆ ಸಾಕು, ಅದೇ ರೀತಿಯ ಬೇರೆಯವರನ್ನೂ ನೀವು ಗುರುತಿಸಬಹುದು.

ನಾನು ಕೊಟ್ಟದ್ದೇನು ಎಂದು ಮೊದಲು ಹೇಳಬೇಕು. ಒಂದು, 75 ಸೆಂಟಿಲೀಟರಿನ ಗ್ಯೂಜ್, ಅಂದರೆ ಲ್ಯಾಂಬಿಕ್ ಎಂಬ ಬಿಯರನ್ನು ಬೆರೆಸಿ ಮಾಡುವಂಥದ್ದು. ಬ್ರಸೆಲ್ಸ್ ಮತ್ತು ಅದರ ಪಕ್ಕದ ಪಾಯೊಟೆನ್‌ಲ್ಯಾಂಡ್ ಸೀಮೆಯಲ್ಲಿ ಮಾಡುವ ಲ್ಯಾಂಬಿಕ್ ಬಿಯರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲೂ ಪೀಪಾಯಿಯ ಮರದಲ್ಲೂ ಇರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಸೆಕೆಯಲ್ಲಿ ಇದು ಆಗದ ಕೆಲಸ, ಹಾಗಾಗಿ ಚಳಿಯ ತಿಂಗಳುಗಳಲ್ಲಿ ಮಾತ್ರ ಮಾಡುತ್ತಾರೆ. ಒಂದು, ಎರಡು, ಮೂರು ವರ್ಷ ಪೀಪಾಯಿಯಲ್ಲಿ ಮಾಗಿದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದಾಗ ಅದು ಒಳಗೇ ಮತ್ತೊಮ್ಮೆ ಹುದುಗಿ ಗ್ಯೂಜ್ ಆಗುತ್ತದೆ. ಅಂಥ ಒಂದು ಬಾಟಲಿಯ ಹಿಂದೆ ಎಷ್ಟು ವರ್ಷಗಳ ಕಾಯುವಿಕೆ ಇದೆ, ನೀವೇ ಲೆಕ್ಕ ಹಾಕಿ.

ಇನ್ನೊಂದು ವೆಸ್ಟ್‌ವ್ಲೆಟರೆನ್ 12. ಬೆಲ್ಜಿಯಮ್ಮಿನ ಸಿಂಟ್ ಸಿಕ್ಸ್‌ಟಸ್ ಮಠದ ಟ್ರಾಪಿಸ್ಟ್ ಪಂಥದ ಕ್ಯಾಥೊಲಿಕ್ ಸನ್ಯಾಸಿಗಳು ತಯಾರಿಸುವ, ಶೇ 10.2 ಆಲ್ಕೊಹಾಲ್ ಇರುವ ಕಂದು ಬಿಯರ್. ಅದರ ಬಾಟಲಿಗೆ ಬಹುಕಾಲ ಲೇಬಲ್ಲೇ ಇರಲಿಲ್ಲ, ಹೇಳಬೇಕಾದದ್ದೆಲ್ಲ ಹಳದಿ ಮುಚ್ಚಳದ ಮೇಲೆಯೇ ಇರುತ್ತಿತ್ತು. ಮಠದ ಖರ್ಚಿಗೆ ಬೇಕಾದಷ್ಟನ್ನೇ ತಯಾರಿಸುತ್ತಾರೆ, ಮುಂಚಿತವಾಗಿ ಕಾಯ್ದಿರಿಸಿದವರಿಗೆ ಕೊಡುತ್ತಾರೆ. ಕೊಳ್ಳುವವರು ಅದನ್ನು ಮತ್ತೊಬ್ಬರಿಗೆ ಮಾರಬಾರದು ಎಂಬುದು ಅವರ ಷರತ್ತು. ಈ ಷರತ್ತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇವೆರಡನ್ನೂ ನನ್ನ ಸೋದರಳಿಯ ಬ್ರಸೆಲ್ಸಿನಿಂದ ಹೊತ್ತು ತಂದಿದ್ದ. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್ ಮಾತ್ರ. ದೊಡ್ಡ ಬಾಟಲಿ ಎರಡು, 33 ಸೆಂಟಿಲೀಟರಿನದು ಒಂದು ಸೇರಿದರೆ ಮಿತಿ ಹೆಚ್ಚುಕಡಿಮೆ ಮುಗಿಯಿತು. ಅಂಚೆಯಲ್ಲಿ ಮದ್ಯ ಕಳುಹಿಸುವಂತಿಲ್ಲ. ಹಾಗಾಗಿ ನಮ್ಮಂಥವರ ಕೈಗೆ ಬರುವ ಪ್ರತಿ ಬಾಟಲಿಯನ್ನೂ ಯಾರೋ ಒಬ್ಬರು ತಮ್ಮ ಬಟ್ಟೆಗಳ ನಡುವೆ ಸುತ್ತಿ, ಒಡೆಯದಂತೆ ತಂದಿರುತ್ತಾರೆ. ಆ ಮನುಷ್ಯನ ಶ್ರಮವನ್ನು ಲೆಕ್ಕಕ್ಕೆ ಹಿಡಿಯದವರ ಜೊತೆ ನಾನಿನ್ನು ವ್ಯವಹರಿಸುವುದಿಲ್ಲ.

ಬದಲಿಗೆ ಅವರು ಕೊಡುವುದಾಗಿ ಹೇಳಿದ್ದು ಬೌರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿದ, ಮುಚ್ಚಳಕ್ಕೆ ಮೇಣ ಹಾಕಿದ ಅಮೆರಿಕದ ಇಂಪೀರಿಯಲ್ ಸ್ಟೌಟ್ ಎಂಬ ಕಡು ಕಪ್ಪು ಬಿಯರ್ ಮತ್ತು ಸಾಂಪ್ರದಾಯಿಕ ಕ್ರೀಕ್. ಕ್ರೀಕ್ ಎಂದರೆ ಹುಳಿ ಚೆರ್ರಿ ಹಣ್ಣನ್ನು ಲ್ಯಾಂಬಿಕ್‌ನಲ್ಲಿ ನೆನೆಸಿ ಮಾಗಿಸಿದ್ದು. ಫೋನಿನಲ್ಲಿ ಮಾತು ಬಹಳ ನಯವಾಗಿತ್ತು. "ಅಣ್ಣಾ, ನನ್ನ ಬಾಟಲಿ ಕಣ್ಣಿನ ಹಾಗೆ ನೋಡಿಕೊಂಡಿದ್ದೇನೆ, ನೀವು ಚಿಂತೆ ಮಾಡಬೇಡಿ" ಎಂದರು. ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ "ಮನೆಯಲ್ಲೇ" ಎಂದರು. ಗೋಣಿಕೊಪ್ಪದಲ್ಲಿ ಭೇಟಿಯಾಗಿ, ಪತ್ರಿಕೆ ಸುತ್ತಿದ ಎರಡು ಬಾಟಲಿಗಳನ್ನು ಕೈಗಿತ್ತರು. ಸಂತೆಯ ದಿನದ ಗದ್ದಲ, ಅವರ ಕಾರು ರಸ್ತೆಗೆ ಅಡ್ಡ ನಿಂತಿತ್ತು, ಹಿಂದಿನಿಂದ ಹಾರನ್. ಬಿಚ್ಚಿ ನೋಡಲು ಎಡೆಯೇ ಇರಲಿಲ್ಲ. ಜಾಗವನ್ನೂ ಹೊತ್ತನ್ನೂ ನಿಗದಿ ಮಾಡಿದ್ದು ಅವರೇ.

ಮನೆಗೆ ಬಂದು ಪತ್ರಿಕೆ ಬಿಚ್ಚಿದಾಗ ಸ್ಟೌಟಿನ ಕಥೆ ಬಾಟಲಿಯ ಮೇಲೆಯೇ ಬರೆದಿತ್ತು. ಲೇಬಲ್ ಒಂದು ಪಕ್ಕದಲ್ಲಿ ಗಾಢ ಬಣ್ಣ, ಇನ್ನೊಂದು ಪಕ್ಕದಲ್ಲಿ ಮಾಸಲು. ದಿನವೂ ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಮಾತ್ರ ಹೀಗಾಗುತ್ತದೆ. ಮೇಣ ಮೆತ್ತಗಾಗಿ ಕೆಳಕ್ಕೆ ಇಳಿದು ಮತ್ತೆ ಗಟ್ಟಿಯಾಗಿತ್ತು, ಅದರಲ್ಲಿ ಹೆಬ್ಬೆರಳಿನ ಗುರುತು ಒತ್ತಿಕೊಂಡಿತ್ತು. ಮೇಣದ ಅಂಚಿನಿಂದ ಕತ್ತಿನವರೆಗೆ ಕಪ್ಪಗೆ ಒಣಗಿದ ಸಣ್ಣ ಗೆರೆ. ಬೆಳಕಿಗೆ ಹಿಡಿದರೆ ಒಳಗಿನ ಬಿಯರ್ ಇರಬೇಕಾದ ಮಟ್ಟಕ್ಕಿಂತ ಒಂದು ಬೆರಳು ಕೆಳಗಿತ್ತು. ತಯಾರಿಕೆಯ ದಿನಾಂಕ ಇರಬೇಕಾದ ಕಡೆ ಉಗುರಿನಿಂದ ಕೆರೆದ ಬಿಳಿ ಕಲೆ.

ಕ್ರೀಕ್ ಎಂದು ಕೊಟ್ಟದ್ದು ಕ್ರೀಕೇ, ಆದರೆ ಸಿಹಿ ಸೇರಿಸಿದ, ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಬಗೆ. ಅದನ್ನು ಇಷ್ಟಪಟ್ಟು ಕುಡಿಯುವವರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ನಡುವೆ ಆಗಿದ್ದ ಮಾತು ಮಾತ್ರ ಅದಲ್ಲ.

ಸ್ಟೌಟನ್ನು ಮಡಿಕೇರಿಯ ಇಬ್ಬರು ಗೆಳೆಯರ ಮುಂದೆಯೇ ತೆರೆದೆ. ಮುಚ್ಚಳ ಎತ್ತಿದಾಗ ಸದ್ದೇ ಬರಲಿಲ್ಲ. ಗ್ಲಾಸಿನಲ್ಲಿ ನೊರೆ ಇಲ್ಲ. ಮೂಗಿಗೆ ಬಂದದ್ದು ನೆನೆದ ರಟ್ಟಿನ ವಾಸನೆ, ಅದರ ಹಿಂದೆ ಸೋಯಾ ಸಾಸಿನ ಉಪ್ಪುಪ್ಪು ಘಾಟು. ಬಿಯರಿಗೆ ಆಮ್ಲಜನಕ ತಗುಲಿ ಹಳಸಿದಾಗ ಬರುವ ವಾಸನೆಗಳೇ ಇವು. ಎಷ್ಟು ಎಚ್ಚರದಿಂದ ತುಂಬಿದರೂ ಬಾಟಲಿಯೊಳಗೆ ಚೂರು ಆಮ್ಲಜನಕ ಉಳಿದೇ ಇರುತ್ತದೆ. ತಂಪಿನಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಬಿಸಿ ಏರಿದಷ್ಟೂ ವೇಗ ಹೆಚ್ಚುತ್ತದೆ. ಮೇಣ ಕರಗುವಷ್ಟು ಕಾವಿನಲ್ಲಿ ಮುಚ್ಚಳದ ಬಿಗಿಯೂ ಸಡಿಲಾದರೆ ಗಾಳಿ ಹೊರಗಿನಿಂದಲೂ ನುಗ್ಗುತ್ತದೆ. ಬೆಳಕಿನ ಕೇಡು ಬೇರೆಯೇ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶದ ಮೇಲೆ ಬೆಳಕು ಬಿದ್ದಾಗ ಗಂಧಕ ಬೆರೆತ ಒಂದು ದುರ್ವಾಸನೆ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜಿನಿಂದ ರಕ್ಷಣೆ ಇಲ್ಲವೇ ಇಲ್ಲ ಎನ್ನಬಹುದು.

ಆಮೇಲೆ ತಿಳಿದದ್ದು: ಆ ಬಾಟಲಿ ಅವರ ಹೋಂಸ್ಟೇಯ ಗಾಜಿನ ವರಾಂಡದ ಶೋಕೇಸಿನಲ್ಲಿ, ಬಂದವರಿಗೆಲ್ಲ ಕಾಣುವಂತೆ, ಪಶ್ಚಿಮದ ಬಿಸಿಲಿಗೆ ಮುಖ ಮಾಡಿ ನಿಂತಿತ್ತು. ಅಲ್ಲಿ ಉಳಿದು ಬಂದ ಒಬ್ಬರ ಫೋಟೊದಲ್ಲಿ ಅದೇ ಬಾಟಲಿ ಇದೆ. "ಮನೆಯಲ್ಲೇ" ಎಂಬ ಉತ್ತರ ಸುಳ್ಳಲ್ಲ, ಸತ್ಯವನ್ನು ಮುಚ್ಚಿಡಲು ಆರಿಸಿದ ಉತ್ತರ. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ.

ಫೋನ್ ಮಾಡಿ ಕೇಳಿದೆ. "ಬೆಲೆಗೆ ಬೆಲೆ ಸರಿಹೋಯಿತಲ್ಲ ಅಣ್ಣಾ, ನೆಟ್‌ನಲ್ಲಿ ನೋಡಿ, ನನ್ನ ಸ್ಟೌಟಿನ ಬೆಲೆಯೇ ಜಾಸ್ತಿ" ಎಂದರು. ಈ ಮಾತನ್ನು ನೀವೂ ಕೇಳಬೇಕಾಗಿ ಬಂದೀತು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನೆಟ್‌ನಲ್ಲಿ ಕಾಣುವ ಬೆಲೆ ಚೆನ್ನಾಗಿರುವ ಬಾಟಲಿಯದು. ನಾವು ಒಳಸಿಪ್ಪೆಯಿರುವ ಒಣ ಕಾಫಿ ಬೀಜ, ಅಂದರೆ ಕಾಫಿ ಪಾರ್ಚ್‌ಮೆಂಟ್ ಮಾರಲು ಹೋದರೆ ವ್ಯಾಪಾರಿ ಮೂಟೆ ಎಣಿಸಿ ದುಡ್ಡು ಕೊಡುವುದಿಲ್ಲ, ತೇವಾಂಶ ನೋಡುತ್ತಾನೆ, ಔಟ್‌ಟರ್ನ್ ತೆಗೆಯುತ್ತಾನೆ (ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ), ಆಮೇಲೆ ದರ ಹೇಳುತ್ತಾನೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ಬೆಳೆಗಾರನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಾಟಲಿಯ ಮೇಲಿನ ಹೆಸರಿಗೆ ಬೆಲೆ ಕಟ್ಟಿ ಒಳಗಿನದ್ದನ್ನು ಮರೆಸುವುದು ಗೊತ್ತಿದ್ದೂ ಮಾಡುವ ಕೆಲಸ. ಬೆಲೆ ಸಮವಾದ ಮಾತ್ರಕ್ಕೆ ನ್ಯಾಯ ಆಗುವುದಿಲ್ಲ. ಎದುರಿಗಿರುವವರು ಕೇಳದಿದ್ದರೂ ಬಾಟಲಿಯ ಕುಂದನ್ನು ನಾವಾಗಿ ಹೇಳಬೇಕು.

ನಮ್ಮೂರಿನ ಹವೆಯ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಕೊಡಗಿನಲ್ಲಿ ಬಾಟಲಿಯ ಬಿರಡೆಗೆ ಬೂಷ್ಟು ಬರುವುದು, ಲೇಬಲ್ ಉಬ್ಬಿ ಕಿತ್ತುಬರುವುದು ಸಹಜ. ಅದನ್ನು ನೋಡಿ ಹೆದರಬೇಡಿ. ಕತ್ತಲೆಯ ಉಗ್ರಾಣದಲ್ಲಿ ಮಲಗಿ ಬೂಷ್ಟು ಹಿಡಿದ ಗ್ಯೂಜ್ ಸಾಮಾನ್ಯವಾಗಿ ಒಳಗೆ ಚೆನ್ನಾಗಿಯೇ ಇರುತ್ತದೆ, ಹೊರಗೆ ಒರೆಸಿದರಾಯಿತು. ಲೇಬಲ್ ಗರಿಗರಿಯಾಗಿ, ಗಾಜು ಫಳಫಳ ಹೊಳೆಯುತ್ತಿದ್ದರೆ ಅದು ಶೋಕೇಸಿನಲ್ಲಿತ್ತೇ ಎಂದು ವಿಚಾರಿಸಿ. ಹಾಪ್ಸ್ ಹೆಚ್ಚಾಗಿ ಹಾಕುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರಿನ ವಿಷಯವೇ ಬೇರೆ, ಅದನ್ನು ಎಲ್ಲಿಟ್ಟರೂ ಹಾಪ್ಸಿನ ಪರಿಮಳ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ಹಳೆಯ ಐಪಿಎಯನ್ನು ಅಪರೂಪದ್ದು ಎಂದು ಕೊಡಲು ಬಂದರೆ ಬೇಡವೆನ್ನಿ.

ಇನ್ನು ನನ್ನ ವೆಸ್ಟ್‌ವ್ಲೆಟರೆನ್. ಅದರ ಹಳದಿ ಮುಚ್ಚಳದ ಅಂಚಿನಲ್ಲಿ ತುಕ್ಕಿನ ಒಂದು ಚುಕ್ಕೆ ಇತ್ತು. ಕೊಡುವಾಗ ಅದನ್ನು ತೋರಿಸಿಯೇ ಕೊಟ್ಟಿದ್ದೆ. ಬೆಂಗಳೂರಿನ ಪರಿಚಿತರೊಬ್ಬರು ಆ ಹೋಂಸ್ಟೇಯಲ್ಲಿ ತಂಗಿದ್ದಾಗ, "ಜಗತ್ತಿನ ಅತ್ಯಂತ ಅಪರೂಪದ ಬಿಯರ್" ಎಂದು ಪುಟ್ಟ ಗ್ಲಾಸುಗಳಲ್ಲಿ ಸುರಿದು, ಬಿಲ್ಲಿಗೆ ಸೇರಿಸಿದರಂತೆ. ಆ ಪರಿಚಿತರು ಕಳುಹಿಸಿದ ಚಿತ್ರದಲ್ಲಿ ಮೇಜಿನ ಮೇಲೆ ಬಿದ್ದಿರುವ ಮುಚ್ಚಳ, ಅದರ ತುಕ್ಕಿನ ಚುಕ್ಕೆ, ದಿನಾಂಕ ಎಲ್ಲ ಸ್ಪಷ್ಟವಾಗಿವೆ. ಸನ್ಯಾಸಿಗಳು ಮಾರಬೇಡಿ ಎಂದು ಕೊಟ್ಟದ್ದು, ನನ್ನ ಹುಡುಗ ಪ್ರೀತಿಯಿಂದ ತಂದದ್ದು, ನಾನು ಸ್ನೇಹಿತರೆಂದು ಹಂಚಿಕೊಂಡದ್ದು ಕೊನೆಗೆ ಬಿಲ್ಲಿನ ಒಂದು ಸಾಲಾಯಿತು. ಅದೂ ಅಲ್ಲದೆ, ಪರವಾನಗಿ ಇಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಅಲ್ಲೇನಾದರೂ ತಪಾಸಣೆ ನಡೆದು ಬಾಟಲಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದರೆ ಕೊಟ್ಟವರ ಹೆಸರೂ ಹೊರಬರುತ್ತದೆ. ಹೋಂಸ್ಟೇ, ಹೋಟೆಲು ನಡೆಸುವವರ ಜೊತೆ ಬದಲಾಯಿಸಿಕೊಳ್ಳುವಾಗ, ಇದು ಮನೆಯವರಿಗೋ ಅತಿಥಿಗಳ ಮೇಜಿಗೋ ಎಂದು ಬಾಯಿಬಿಟ್ಟು ಕೇಳಿ.

ಎಲ್ಲರೂ ಹೀಗೆ ಎಂದು ಯಾರೂ ತಿಳಿಯಬಾರದು. ಸೋಮವಾರಪೇಟೆಯ ಕಡೆಯ ಹಿರಿಯ ಬೆಳೆಗಾರರೊಬ್ಬರ ಜೊತೆ ನಾನು ಹಿಂದೆ ಬಾಟಲಿ ಬದಲಾಯಿಸಿಕೊಂಡಿದ್ದೇನೆ. ಕೊಡುವ ಮೊದಲೇ ಅವರು ಬಿರಡೆಯನ್ನು ಬೆರಳಿನಿಂದ ಒತ್ತಿ ತೋರಿಸಿ, "ನೋಡಿ, ಇದು ಸ್ವಲ್ಪ ಮೇಲೆ ಬಂದಿದೆ, ದಾರಿಯಲ್ಲಿ ಬಿಸಿಯಾಗಿರಬೇಕು. ಚೆನ್ನಾಗಿರುತ್ತದೆ ಎಂದು ನಾನು ಮಾತು ಕೊಡಲಾರೆ" ಎಂದರು. ಬೇಡ ಬೇಡವೆಂದರೂ ಕೊಸರಿಗೆ ಇನ್ನೊಂದು ಚಿಕ್ಕ ಬಾಟಲಿ, ಮನೆಯ ಜೇನುತುಪ್ಪ, ತೋಟದ ಕಿತ್ತಳೆ ಕಾರಿನಲ್ಲಿಟ್ಟರು. ಬಿರಡೆ ಎದ್ದ ಆ ಬಾಟಲಿಯನ್ನು ತೆರೆಯುವಾಗ ಅವರನ್ನೂ ಕರೆದೆ. ಒಳಗೆ ಹದವಾಗಿಯೇ ಇತ್ತು. ಒಂದು ವೇಳೆ ಕೆಟ್ಟಿದ್ದರೂ ನನಗೆ ಅವರ ಮೇಲೆ ಒಂದಿಷ್ಟೂ ಬೇಸರ ಬರುತ್ತಿರಲಿಲ್ಲ. ಈ ಹವ್ಯಾಸ ನಿಂತಿರುವುದು ಇಂಥವರಿಂದ. ಹೊಸಬರು ಬಂದಾಗ, ಬದಲಿಗೆ ಕೊಡಲು ಅವರ ಬಳಿ ಏನೂ ಇಲ್ಲದಿದ್ದರೂ, ಒಂದು ಗ್ಲಾಸು ಸುರಿದು ಕೂರಿಸಿಕೊಳ್ಳುವವರು ಅವರೇ.

ಈಗ ಯಾರೊಂದಿಗಾದರೂ ಮಾತುಕತೆಯಲ್ಲಿರುವವರು ಇಷ್ಟನ್ನು ತಪ್ಪದೆ ಮಾಡಿ. ಬಾಟಲಿಯ ನಾಲ್ಕೂ ಮಗ್ಗುಲಿನ ಚಿತ್ರ ತರಿಸಿಕೊಳ್ಳಿ, ಲೇಬಲ್ ಒಂದೇ ಕಡೆ ಮಾಸಿದೆಯೇ ನೋಡಿ. ಬೆಳಕಿಗೆ ಹಿಡಿದು ತೆಗೆದ ಇನ್ನೊಂದು ಚಿತ್ರದಲ್ಲಿ ಬಿಯರಿನ ಮಟ್ಟ ಕಾಣುತ್ತದೆ. ದಿನಾಂಕ ಅಳಿಸಿದ್ದರೆ ಕಾರಣ ಕೇಳಬೇಡಿ, ಅಲ್ಲಿಗೇ ಬಿಡಿ. ಎಲ್ಲಿಟ್ಟಿದ್ದೀರಿ ಎಂಬ ಪ್ರಶ್ನೆಗೆ "ಮನೆಯಲ್ಲಿ" ಎಂಬಷ್ಟೇ ಉತ್ತರ ಬಂದರೆ ಯಾವ ಕೋಣೆ, ಯಾವ ಕಪಾಟು ಎಂದು ಮತ್ತೆ ಕೇಳಿ. ಪೂರ್ತಿ ಹೆಸರು ಬರೆಸಿಕೊಳ್ಳಿ, ಕ್ರೀಕ್ ಎಂದರೆ ಯಾರ ಕ್ರೀಕ್, ಸಿಹಿ ಸೇರಿಸಿದ್ದೋ ಅಲ್ಲವೋ ಎಂಬುದೂ ಅದರಲ್ಲಿರಲಿ. ಕೈ ಬದಲಾಯಿಸುವುದನ್ನು ರಸ್ತೆ ಬದಿಯಲ್ಲಿ ಮಾಡಬೇಡಿ, ಕುಳಿತು ಬಿಚ್ಚಿ ನೋಡುವಂಥ ಜಾಗವನ್ನೇ ಪಟ್ಟು ಹಿಡಿಯಿರಿ. ಇದಕ್ಕೆ ಮುಖ ಕೆಡಿಸಿಕೊಳ್ಳುವವರು ಸಿಕ್ಕರೆ ಒಳ್ಳೆಯದೇ ಆಯಿತು.

ಬೇಸಿಗೆ ಬಂದರೆ ಹೋಂಸ್ಟೇಗಳು ತುಂಬುತ್ತವೆ, ಅತಿಥಿಗಳಿಗೆ ತೋರಿಸಲು ಅಂಥವರು ಹೊಸ ಬಾಟಲಿ ಹುಡುಕುತ್ತಾರೆ. "ಬೌರ್ಬನ್ ಸ್ಟೌಟ್ ಇದೆ, ನಿಮ್ಮಲ್ಲಿ ಬೆಲ್ಜಿಯನ್ ಏನಿದೆ ಅಣ್ಣಾ" ಎಂಬ ಕರೆ ನಿಮಗೂ ಬರಬಹುದು. ಬಂದರೆ ಆ ಸ್ಟೌಟಿನ ಮೇಣದ ಚಿತ್ರವನ್ನು ಹತ್ತಿರದಿಂದ ತೆಗೆದು ಕಳುಹಿಸಲು ಹೇಳಿ.